ಎಂಟು ಕೆ.ಜಿ. ತೂಕದ ಜಾಕಿ

"ಸತ್ತೋರ ತೂಕ ಎಷ್ಟು ಅಂತ ಈ ಪ್ರಪಂಚದಲ್ಲಿ ಗೊತ್ತಿರೋನು ನಾನೊಬ್ಬನೇ. ಎಂಟು ಕೆ.ಜಿ. ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಮ್ಮಿಯಿಲ್ಲ. ನಾನೇ ನಿಂತು ತೂಗ್ಸಿದೀನಿ!"

ಶಿರಾ ಗೇಟಿನ ಚನ್ನೇಶನ ತೆಂಗಿನಕಾಯಿ ಮಂಡಿಯಲ್ಲಿ, ತೂಕದ ಮಷೀನಿನ ಪಕ್ಕದ ಮೂಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು ಕದರಯ್ಯ ಹೀಗೆ ಘೋಷಿಸಿದಾಗ ಸಂಜೆ ಐದು ಗಂಟೆ. ಹೊರಗೆ ಹಿಡಿದ ಮಳೆ ಬಿಡುವ ಲಕ್ಷಣವಿರಲಿಲ್ಲ. ಆಟೋಗಳೆಲ್ಲ ಹೆಡ್‌ಲೈಟು ಹಾಕಿಕೊಂಡು ರಸ್ತೆ ಬದಿಯಲ್ಲಿ ನಿಂತುಬಿಟ್ಟಿದ್ದವು. ಮಂಡಿಯ ಮುಂದಿನ ಚರಂಡಿಯಲ್ಲಿ ಯಾರದೋ ಒಂಟಿ ಚಪ್ಪಲಿ ತೇಲುತ್ತ ಹೋಯಿತು. ಒಳಗೆ ಚನ್ನೇಶ, ಮೂಟೆ ಹೊರುವ ಇಬ್ಬರು, ಮಳೆಗೆ ಸಿಕ್ಕಿ ಓಡಿ ಬಂದ ಸುಮನಾ ಎಂಬ ನರ್ಸಿಂಗ್ ಓದುವ ಹುಡುಗಿ, ಮತ್ತು ಕದರಯ್ಯನ ಸೊಸೆ ಪ್ರಮೀಳಾ.

"ಮಾವ, ನಾವು ಪೇಡ ಹಂಚಕ್ಕೆ ಬಂದಿದ್ದು. ನಡುವೆ ದೆವ್ವ ಯಾಕೆ ತರ್ತೀರಾ?" ಎಂದಳು ಪ್ರಮೀಳಾ.

ಪೇಡಕ್ಕೆ ಕಾರಣವಿತ್ತು. ಅವಳ ಮಗಳು ಭೂಮಿಕಾ, ಇಪ್ಪತ್ತೆರಡರ ಹುಡುಗಿ, ಜಾಕಿಯಾಗಿ ಭಾನುವಾರ ಮೈಸೂರಿನಲ್ಲಿ ತನ್ನ ಮೊದಲ ರೇಸು ಗೆದ್ದಿದ್ದಳು. ಗೆಳತಿಯೊಬ್ಬಳು ಮೊಬೈಲಿನಲ್ಲಿ ಹಿಡಿದು ಕಳಿಸಿದ ವಿಡಿಯೋವನ್ನು ಪ್ರಮೀಳಾ ಮೂರು ದಿನಗಳಿಂದ ಕಂಡಕಂಡವರಿಗೆಲ್ಲ ತೋರಿಸುತ್ತಿದ್ದಳು. ಕುದುರೆ ಗೆರೆ ದಾಟುವುದು, ಮಗಳು ಕೆಸರು ಮೆತ್ತಿದ ಮುಖದಲ್ಲಿ ನಗುವುದು, ಜೀನು ಹೊತ್ತುಕೊಂಡು ತೂಕಕ್ಕೆ ನಡೆಯುವುದು, ಮಷೀನು ಹತ್ತುವ ಮುಂಚೆ ತುಟಿ ಅಲುಗಿಸುವುದು. "ದೇವರನ್ನ ನೆನೆಸ್ಕೊಳ್ತಾಳೆ ನೋಡಿ," ಎಂದು ಅಲ್ಲಿ ಪ್ರತಿ ಸಲವೂ ಹೇಳುತ್ತಿದ್ದಳು.

ಮಾವನ ಮಾತನ್ನು ಕೇಳುವುದಕ್ಕೂ ಅವಳದೊಂದು ಲೆಕ್ಕವಿತ್ತು: ಮುಕ್ಕಾಲು ಪಾಲು ಕಳೆದುಬಿಡುವುದು. ಕುಣಿಗಲ್ ಸೀಮೆಯಲ್ಲಿ ಅವನು ನಲವತ್ತು ವರ್ಷ ರೇಸು ಕುದುರೆ ಸಾಕಿದ್ದು ನಿಜ. ಕುದುರೆಗಳು ಅವನ ಹತ್ತಿರ ಕಷ್ಟಸುಖ ಹೇಳಿಕೊಳ್ಳುತ್ತಿದ್ದವು ಎಂಬುದು ಕಳೆಯಬೇಕಾದ ಪಾಲು.

"ಹೇಳಿ ತಾತ," ಎಂದಳು ಸುಮನಾ, ಒದ್ದೆ ಜಡೆ ಹಿಂಡುತ್ತ.

ಕದರಯ್ಯ ಕೊಡೆಯನ್ನು ಮೊಣಕಾಲ ಮೇಲೆ ಅಡ್ಡವಿಟ್ಟುಕೊಂಡ.

"ಆರು ವರ್ಷದ ಹಿಂದಿನ ಮಾತು ಕಣವ್ವ. ಆಗ ಗುಬ್ಬಿಯಿಂದ ಕುಣಿಗಲ್ ತನಕ ಯಾವ ಕಟಿಂಗ್ ಶಾಪಿಗಾದ್ರೂ ಹೋಗು, ಕನ್ನಡಿ ಮೇಲೆ ಒಬ್ಬನದೇ ಫೋಟೋ... ಜಾಕಿ ಅಂಜನ್! ಅವನು ಸವಾರಿ ಮಾಡೋ ದಿನ ಗುಬ್ಬಿ ಬಸ್ ಸ್ಟ್ಯಾಂಡಲ್ಲಿ ಒಂದು ಬಸ್ಸೂ ಹೊರಡ್ತಿರಲಿಲ್ಲ. ಡ್ರೈವರು, ಕಂಡಕ್ಟರು, ಪ್ಯಾಸೆಂಜರು ಎಲ್ಲ ಒಂದೇ ಮೊಬೈಲಿಗೆ ತಲೆ ತೂರಿಸ್ಕೊಂಡು ಕೂರೋರು. ಆ ವರ್ಷ ಹುಟ್ಟಿದ ನೂರು ಗಂಡುಮಕ್ಕಳಲ್ಲಿ ತೊಂಬತ್ತೊಂಬತ್ತಕ್ಕೆ ಅಂಜನ್ ಅಂತಲೇ ಹೆಸರು."

"ಇನ್ನೊಂದಕ್ಕೆ?" ಎಂದ ಚನ್ನೇಶ.

"ಅದು ಅವಳಿ ಕಣೋ, ಇಬ್ರಿಗೂ ಒಂದೇ ಹೆಸರು ಇಡಕ್ಕಾಯ್ತದಾ? ಸುಮ್ನೆ ಕೇಳು. ನಮ್ಮ ಯಜಮಾನ್ರು ಮಹಾದೇವಯ್ಯನೋರ ಫಾರಂನಲ್ಲಿ ನಾನು ಕೈಯಾರೆ ಸಾಕಿದ ಒಂದು ಹೆಣ್ಣು ಕುದುರೆ ಇತ್ತು. ರೇಸ್ ಬುಕ್ಕಲ್ಲಿ ಸ್ಪೈಸ್ ಕ್ವೀನ್, ಲಾಯದಲ್ಲಿ ಮೆಣಸಿನಕಾಯಿ. ಯಾರು ಹತ್ತಿರ ಹೋದ್ರೂ ಉರಿ ಹತ್ತಿಸೋದು. ಅಂಜನ್ ಹತ್ತಿದ್ರೆ ಮಾತ್ರ... ಬೆಣ್ಣೆ! ಇಬ್ರೂ ಸೇರಿ ಗೆದ್ದ ಕಪ್ಪುಗಳನ್ನ ಇಡಕ್ಕೆ ಜಾಗ ಸಾಲ್ದೆ ಒಂದೆರಡರಲ್ಲಿ ನಾನೇ ಹುರುಳಿ ನೆನೆಹಾಕ್ತಿದ್ದೆ."

ಇಲ್ಲಿ ಅವನ ದನಿ ಸ್ವಲ್ಪ ತಗ್ಗಿತು.

"ಆದ್ರೆ ಜಾಕಿ ಬಾಳು ಏನ್ ಬಾಳು ಹೇಳು? ತಂಗಿ ಮದುವೇಲಿ ನಾಕು ದಿನ ಬಾಯಿತುಂಬ ಉಂಡ, ಎಂಟು ಕೆ.ಜಿ. ಏರ್ಬುಟ್ಟ. ದೊಡ್ಡ ರೇಸಿಗೆ ಹದಿನೈದೇ ದಿನ. ಪ್ಲಾಸ್ಟಿಕ್ ಕೋಟು ತೊಟ್ಕೊಂಡು ಉರಿಬಿಸ್ಲಲ್ಲಿ ಓಡ್ದ. ಬರೀ ಬಿಸ್ನೀರು ಕುಡ್ದ. ನಾನು ಮುದ್ದೆ ಸೊಪ್ಪಿನ ಸಾರು ಮಾಡಿದ್ರೆ ತಟ್ಟೆ ಮುಂದೆ ಬಂದು ಕೂರೋನು... ಕಣ್ಮುಚ್ಚಿ ವಾಸನೆ ಎಳ್ಕೊಳೋನು... ಎದ್ದು ಹೋಗೋನು. ಎಂಟು ಕೆ.ಜಿ.ನೂ ಇಳಿಸ್ದ. ರೇಸಿಗೆ ಎರಡು ದಿನ ಇದ್ದಂಗೆ ಬೆಳಗಿನ ಪ್ರಾಕ್ಟೀಸಲ್ಲಿ ಕೊನೇ ತಿರುವಲ್ಲಿ ಕಣ್ಣಿಗೆ ಕತ್ತಲೆ ಕಟ್ತೋ ಏನೋ, ಹಣ್ಣು ಉದುರಿದಂಗೆ ಉದುರಿದ. ಅಷ್ಟೇ. ಮೆಣಸಿನಕಾಯಿ ಅವನ ಪಕ್ಕ ನಿಂತೇ ಇತ್ತು, ಕಾಲು ಕದಲಿಸ್ದೆ."

ಪ್ರಮೀಳಾ ಅಂಜನ್‌ನನ್ನು ಕಂಡಿದ್ದಳು. ಗುಬ್ಬಿಯ ಮನೆಗೆ ಬಂದಾಗ ಭೂಮಿಕಾಳನ್ನು "ಏನ್ಲೇ ಪುಟ್ಟಿ" ಎಂದು ರೇಗಿಸುತ್ತಿದ್ದ. ಮಗಳು ಅವನನ್ನು ಅಂಜನಣ್ಣ ಎನ್ನುತ್ತಿದ್ದಳು. ಈ ಭಾಗದಲ್ಲಿ ಕಳೆಯುವುದಕ್ಕೆ ಅವಳಿಗೆ ಏನೂ ಸಿಗಲಿಲ್ಲ.

"ಆಮೇಲೆ ಮೆಣಸಿನಕಾಯಿ ಯಾರನ್ನೂ ಬೆನ್ನು ಹತ್ತಿಸ್ಲಿಲ್ಲ. ಹನ್ನೊಂದು ಜನ ಜಾಕಿಗಳು ಹನ್ನೊಂದು ದಿಕ್ಕಿಗೆ ಬಿದ್ರು. ಯಜಮಾನ್ರು ಬೇಸತ್ತು ಅಂದ್ರು, 'ಕದರಯ್ಯ, ಇದನ್ನ ಬ್ಯಾಂಡ್‌ಸೆಟ್ನೋರಿಗೆ ಕೊಟ್ಬುಡಣ, ಮದುವೆ ಮೆರವಣಿಗೆಗಾಗ್ಲಿ' ಅಂತ. ಗಾಳಿಗೆ ಬೆವರಿಳಿಸಿದ ಕುದುರೆ ಕಣ್ರಪ್ಪಾ! ಅದರ ಹಣೆಗೆ ಜರಿ ಕಟ್ಟಿ, ಪಟಾಕಿ ಹೊಡೆದು, ಕುಣ್ಸೋದಾ? ಕಾಲು ಹಿಡ್ಕೊಂಡೆ. ಕೊನೆಗೆ ಒಂದು ಮಾತಿಗೆ ಬಂದ್ರು. 'ಸಿ.ಎಸ್. ಪುರದ ಕೆರೆ ಅಂಗಳದ ಓಟದಲ್ಲಿ ಗೆದ್ರೆ ಮರಿ ಹಾಕ್ಸಕ್ಕೆ ಫಾರಂನಲ್ಲೇ ಇಟ್ಕೋತೀನಿ. ಸೋತ್ರೆ ಬ್ಯಾಂಡ್‌ಸೆಟ್ಟು.'"

ಆ ಓಟದ ನಿಯಮ ಗೊತ್ತಿಲ್ಲದ ಸುಮನಾಗೆ ಚನ್ನೇಶ ವಿವರಿಸಿದ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರಿಟೈರಾದ ರೇಸು ಕುದುರೆಗಳನ್ನು ಅಲ್ಲಿ ಓಡಿಸುತ್ತಾರೆ. ಸವಾರನೂ ಅವನ ಕಾಯಿಚೀಲವೂ ಸೇರಿ ಐವತ್ತೆರಡು ಕೆ.ಜಿ. ಇರಬೇಕು. ಮೈತೂಕ ಕಡಿಮೆಯಿದ್ದವರು ಚೀಲಕ್ಕೆ ತೆಂಗಿನಕಾಯಿ ತುಂಬಿ ಜೀನಿಗೆ ಕಟ್ಟಿಕೊಳ್ಳಬೇಕು. ಮೊದಲು ಯಾರನ್ನೂ ತೂಗುವುದಿಲ್ಲ. ಗೆದ್ದವನನ್ನು ಮಾತ್ರ ಚೀಲದ ಸಮೇತ ಕೊಬ್ಬರಿ ತೂಗುವ ಕಾಟಾ ಹತ್ತಿಸುತ್ತಾರೆ. ಕಡಿಮೆ ಬಂದರೆ ಗೆಲುವು ಹೋಯಿತು.

"ಓಟದ ದಿನ," ಎಂದ ಕದರಯ್ಯ, ಮೂಟೆಯ ಮೇಲೆ ಕುದುರೆ ಹತ್ತಿದವನಂತೆ ಸರಿದು ಕೂತು, "ಸವಾರನೇ ಇಲ್ಲ! ಜೀನು ಹಾಕಿ, ನಲವತ್ನಾಕು ಕೆ.ಜಿ. ಕಾಯಿ ಕಟ್ಟಿ, ಲಗಾಮು ಹಿಡ್ಕೊಂಡು ನಿಂತಿದೀನಿ. ನಿಂತಿದೀನಿ... ನಿಂತಿದೀನಿ... ಆಗ ಕೆರೆ ಏರಿ ಕಡೆಯಿಂದ ಒಂದು ಸುಂಟರಗಾಳಿ ಧೂಳು ಎಬ್ಬಿಸ್ಕೊಂಡು ಬಂತು. ಧೂಳೊಳಗಿಂದ ಒಬ್ಬ ನಡ್ಕೊಂಡು ಬಂದ. ಕೆಂಪಂಗಿ, ಹಳದಿ ಪಟ್ಟೆ... ಅಂಜನ್ ತೊಡ್ತಿದ್ದ ಅಂಗಿ! ಮುಖಕ್ಕೆ ಟವೆಲು, ಕಣ್ಣಿಗೆ ಗಾಗಲ್ಸು. ಒಂದು ಮಾತಿಲ್ಲ. ರಿಕಾಪಿಗೆ ಕಾಲಿಟ್ಟ, ಹತ್ತಿದ. ಆ ಮೆಣಸಿನಕಾಯಿ, ಹನ್ನೊಂದು ಜನರನ್ನ ಕೆಡವಿದ ಚಂಡಿ... ಕಿವಿ ನಿಮಿರಿಸಿ ಒಂದು ಸಲ ಕೆನೀತು ನೋಡು... ನನ್ನ ಮೈಮೇಲಿನ ಕೂದ್ಲು ಈಗ್ಲೂ ಏಳ್ತವೆ, ಬೇಕಾದ್ರೆ ಮುಟ್ಟಿ ನೋಡು!

"ಬಾವುಟ ಬಿತ್ತು. ಒಂಬತ್ತು ಕುದುರೆ ಹಾರಿದ್ವು, ಇದು ಹಾರ್ಲಿಲ್ಲ. ನಿಂತಿತ್ತು. ಯಜಮಾನ್ರು ಅತ್ಲಾಗೆ ತಿರುಗಿ ಬ್ಯಾಂಡ್‌ಸೆಟ್ನೋನ ನಂಬರ್ ಹುಡುಕ್ತಾವ್ರೆ! ಆಗ ಹೊರಡ್ತು ಕಣೋ... ಓಟ ಅಂದ್ರೆ ಅದು! ಒಣಗಿದ ಕೆರೆ ಮಣ್ಣು ಹಪ್ಪಳದಂಗೆ ಮುರೀತಿತ್ತು, ಒಂದನ್ನ ದಾಟ್ತು, ಎರಡನ್ನ ದಾಟ್ತು, ತಿರುವಲ್ಲಿ ಮೂರನ್ನ ಒಟ್ಟಿಗೆ ದಾಟ್ತು, ಮೇಲಿದ್ದೋನು ಚಾಟಿ ಎತ್ತಲಿಲ್ಲ, ಬರೀ ಕತ್ತಿನ ಮೇಲೆ ಬಗ್ಗಿ ಅಂಜನ್ ಥರಾನೇ ಎಡಭುಜ ಒಂಚೂರು ವಾಲಿಸಿ ಕೂತಿದ್ದ, ಜನ 'ಅಂಜನ್! ಅಂಜನ್!' ಅಂತ ಕೂಗಕ್ಕೆ ಶುರು ಮಾಡಿದ್ರು, ಕುಣಿಗಲ್ಲಿಗೆ ಕೇಳ್ಸಿರ್ಬೇಕು ಆ ಕೂಗು... ಹತ್ತು ಮಾರು ಮುಂದೆ ಗೆದ್ಬುಡ್ತು! ಸೆಕೆಂಡ್ ಬಂದ ಕುದುರೆ ನಾಚ್ಕೊಂಡು ಗೆರೆ ದಾಟಲೇ ಇಲ್ಲ, ಹಂಗೇ ಮನೆಗೋಯ್ತು!"

ಮೂಟೆ ಹೊರುವವರಲ್ಲೊಬ್ಬ ಶಿಳ್ಳೆ ಹಾಕಿದ. ಪ್ರಮೀಳಾ ಕೂಡ ಉಸಿರು ಬಿಗಿಹಿಡಿದಿದ್ದಳು.

"ಆಮೇಲೆ ತೂಕ. ಸಿದ್ದಗಂಗಯ್ಯ ಅಂತ ಕಾಟಾ ನೋಡೋನು. ಸವಾರ ಚೀಲ ಹೊತ್ಕೊಂಡು ಹತ್ತಿದ. ಐವತ್ತೆರಡು! ಸರಿಯಾಗಿ ಐವತ್ತೆರಡು. ಅದರಲ್ಲಿ ನಲವತ್ನಾಕು ನನ್ನ ಕಾಯಿ. ಮಿಕ್ಕಿದ್ದು ಎಂಟು. ಅವನು! ಬಾಯ್ಕಟ್ಟಿ ಇಳಿಸಿದ್ನಲ್ಲ ಆ ಎಂಟು ಕೆ.ಜಿ. ಮಾತ್ರ ಎದ್ದು ಬಂದಿತ್ತು... ತಿರುಗಿ ನೋಡ್ತೀನಿ, ಕಾಟಾ ಮೇಲೆ ಬರೀ ಅಂಗಿ ಬಿದ್ದದೆ. ನಂಬಲ್ವಾ? ಜಾಕಿ ಕತೆ ಹೇಳಿದ ಕಡೆಯೆಲ್ಲ ಅವನು ಬಂದು ತೂಕ ಕೊಡ್ತಾನೆ. ನೋಡಿ... ಆ ಮಷೀನ್ ನೋಡಿ..."

ಎಲ್ಲರೂ ನೋಡಿದರು. ಖಾಲಿ ಮಷೀನಿನ ಕೆಂಪು ಅಂಕಿ ಸೊನ್ನೆಯಿಂದ ಮೇಲೆದ್ದು ಮೂರಾಯಿತು, ಆರಾಯಿತು, ಎಂಟಕ್ಕೆ ಬಂದು ನಿಂತಿತು.

ಸುಮನಾ ಕಿಟಾರನೆ ಕಿರುಚಿಕೊಂಡಳು. ಪ್ರಮೀಳಾ ಮಾತ್ರ ಎದ್ದು ಹೋಗಿ, ಮಾವನ ಪಂಚೆಯ ಮರೆಯಿಂದ ಮಷೀನಿನ ಅಂಚನ್ನು ಒತ್ತಿ ಹಿಡಿದಿದ್ದ ಕೊಡೆಯನ್ನು ಕಿತ್ತುಕೊಂಡಳು. ಅಂಕಿ ಸೊನ್ನೆಗಿಳಿಯಿತು.

"ಮಾವಾ! ಮೊಮ್ಮಗಳ ವಯಸ್ಸಿನ ಹುಡುಗೀನ ಹೆದರಿಸ್ತೀರಲ್ಲ!"

ನಗು ಮಂಡಿಯನ್ನೇ ಎತ್ತಿಬಿಟ್ಟಿತು. ಚನ್ನೇಶ ಕಣ್ಣೊರೆಸಿಕೊಂಡು ವ್ಯಾಪಾರಿಯ ಲೆಕ್ಕಕ್ಕಿಳಿದ. "ಅದಿರ್ಲಿ ಕದರಣ್ಣ, ನಲವತ್ನಾಕು ಕೆ.ಜಿ. ಅಂದ್ರೆ ಹೆಚ್ಚುಕಮ್ಮಿ ತೊಂಬತ್ತು ಕಾಯಿ. ಜೀನಿಗೆ ತೊಂಬತ್ತು ಕಾಯಿ ಕಟ್ಟಿದ್ಯಾ? ಅದು ಕುದುರೆಯೋ, ಲಗೇಜ್ ಆಟೋನೋ?"

ಕದರಯ್ಯ ಮೊದಲ ಸಲ ತಡವರಿಸಿದ. ಅಷ್ಟರಲ್ಲಿ ಪ್ರಮೀಳಾಳ ನಗು ನಿಂತುಹೋಗಿತ್ತು. ನಲವತ್ತನಾಲ್ಕು. ಅವಳು ಅಂಗನವಾಡಿ ಟೀಚರು. ತೂಕಗಳು ಅವಳಿಗೆ ಮರೆಯುವುದಿಲ್ಲ. ಆ ವರ್ಷ ಭೂಮಿಕಾಗೆ ಟೈಫಾಯ್ಡ್ ಬಂದು ವಾಸಿಯಾದ ಮೇಲೆ, ಅಂಗನವಾಡಿಯ ಮಷೀನಿನ ಮೇಲೆ ತಾನೇ ನಿಲ್ಲಿಸಿ ತೂಗಿ, ಅತ್ತಿದ್ದಳು.

"ಮಾವ. ನಲವತ್ನಾಕು ಕೆ.ಜಿ. ಇದ್ದಿದ್ದು ಯಾರು?"

ಕದರಯ್ಯ ಚಾವಣಿ ನೋಡಿದ. ಮಳೆ ನೋಡಿದ. ಕೊಡೆ ಕೈಯಲ್ಲಿಲ್ಲದ್ದರಿಂದ ಹಿಡಿದುಕೊಳ್ಳಲು ಏನೂ ಇರಲಿಲ್ಲ.

"ಬಯ್ಬೇಡ ತಾಯಿ. ಭೂಮಿಕಾನೇ. ನೀನು ಕಂಪ್ಯೂಟರ್ ಕ್ಲಾಸಿಗೆ ಕಳಿಸ್ತಿದ್ದೆ, ಅವಳು ಫಾರಂಗೆ ಬರೋಳು. ಅಂಜನ್ನೇ ಕಲಿಸಿದ್ದ. ಅವನು ಹೋದ್ಮೇಲೆ ಮೆಣಸಿನಕಾಯಿ ಬೆನ್ನು ಕೊಟ್ಟಿದ್ದು ಅವಳೊಬ್ಳಿಗೇ. ಹೆಣ್ಣುಮಗು ಅಂದ್ರೆ ಓಡಿಸಕ್ಕೆ ಬಿಡಲ್ಲ ಅಂತ ಅವನ ಅಂಗಿ ತೊಡಿಸಿ, ಮುಖಕ್ಕೆ ಟವೆಲು ಕಟ್ಟಿದ್ದು ನಾನು. ದೆವ್ವನೂ ಇಲ್ಲ, ಸುಂಟರಗಾಳಿನೂ ಇಲ್ಲ. ನಮ್ಮ ಮಗು ಗೆದ್ದು ಆ ಕುದುರೇನ ಉಳಿಸ್ಕೊಂತು. ಮೊನ್ನೆ ಮೈಸೂರಲ್ಲಿ ಅವಳು ಗೆದ್ದಿದ್ದು ಅದೇ ಮೆಣಸಿನಕಾಯಿ ಮರಿ ಮೇಲೆ."

ಪ್ರಮೀಳಾಳಿಗೆ ಮಾವನ ಕತ್ತು ಹಿಸುಕಬೇಕೆನಿಸಿತು. ಅದೇ ಗಳಿಗೆಯಲ್ಲಿ ಟೈಫಾಯ್ಡಿನಿಂದ ಎದ್ದ ತನ್ನ ಕಡ್ಡಿಯಂಥ ಮಗಳು ಒಂಬತ್ತು ಕುದುರೆಗಳನ್ನು ಹಿಂದೆ ಹಾಕಿದ್ದು ಕಣ್ಣಿಗೆ ಕಟ್ಟಿ, ಎದೆ ಉಬ್ಬಿಬಂತು. ಬೈಯಲು ತೆರೆದ ಬಾಯಿಂದ ಹೊರಟದ್ದು, "ಹತ್ತು ಮಾರು ಮುಂದೇನಾ?"

"ಎರಡು ಮಾರು," ಎಂದ ಕದರಯ್ಯ. "ಇವತ್ತು ಸುಳ್ಳೆಲ್ಲ ಮುಗೀತು."

"ಉಳಿದ ಎಂಟು ಕೆ.ಜಿ.ಗೆ ಕಾಯಿ ಹಾಕಿದ್ರಾ?"

ಕದರಯ್ಯನ ದನಿಯಲ್ಲಿ ಈಗ ಕತೆಗಾರನಿರಲಿಲ್ಲ.

"ಹದಿನಾರು ಕಾಯಿ ಆರಿಸಿ ಚೀಲ ಕಟ್ಟಿಟ್ಟಿದ್ದೆ ಕಣಮ್ಮ. ನಿನ್ನ ಕಣ್ಣು ತಪ್ಪಿಸಿ ಹೊರಡೋ ಗಡಿಬಿಡೀಲಿ ಅದನ್ನ ಜಗಲಿ ಮೇಲೇ ಬುಟ್ಟು ಹೋಗಿದ್ದೆ. ಮಗು ಬರಿಗೈಲಿ ಕಾಟಾ ಹತ್ತೋವಾಗ ಗೊತ್ತಾಯ್ತು. ಮುಗೀತು, ಬ್ಯಾಂಡ್‌ಸೆಟ್ಟೇ ಗತಿ ಅಂತ ಕಣ್ಮುಚ್ಕೊಂಡೆ. ಸಿದ್ದಗಂಗಯ್ಯ... ಐವತ್ತೆರಡು ಅಂದ."

ಇದನ್ನು ಮುಕ್ಕಾಲಲ್ಲ, ಪೂರ್ತಿಯೇ ಕಳೆದುಬಿಡಬಹುದಿತ್ತು. ಆದರೆ ಆ ಬೇಸಿಗೆಯ ಒಂದು ಭಾನುವಾರ ಗುಬ್ಬಿಯ ಮನೆಯ ಜಗಲಿಯ ಮೇಲೆ ಸಿಕ್ಕಿದ ಚೀಲವನ್ನು ಒಳಗೆ ತಂದವಳು ಪ್ರಮೀಳಾಳೇ. ಯಾಕಿಟ್ಟಿದ್ದಾರೋ ಎಂದುಕೊಂಡು ಅದರಲ್ಲಿ ಎರಡು ಕಾಯಿ ತುರಿದು ಹೋಳಿಗೆ ಮಾಡಿದ್ದಳು.

ಅವಳು ಮೊಬೈಲು ತೆಗೆದಳು. ಮೈಸೂರಿನ ವಿಡಿಯೋದಲ್ಲಿ ಮಗಳು ಜೀನು ಹೊತ್ತು ತೂಕಕ್ಕೆ ನಡೆದಳು, ಮಷೀನಿನ ಮುಂದೆ ನಿಂತಳು, ಎಡಭುಜದ ಕಡೆ ಸ್ವಲ್ಪ ಮುಖ ತಿರುಗಿಸಿ ತುಟಿ ಅಲುಗಿಸಿದಳು.

"ದೇವರ ಹೆಸರಲ್ವಾ ಇದು?"

"ಅಲ್ಲ ತಾಯಿ. ತೂಕಕ್ಕೆ ಹತ್ತೋ ಮುಂಚೆ ಹೇಳೋ ಮಾತು ಅದು. ಮೈಸೂರಲ್ಲಿ ಎಂಟು ಕೆ.ಜಿ. ಜಾಸ್ತಿ ಬಂದ್ರೆ ಬುಡ್ತಾರಾ?... 'ಗೆದ್ವಿ ಅಂಜನಣ್ಣ, ಇನ್ನು ಇಳಿ' ಅಂತಾಳೆ."

ಪ್ರಮೀಳಾ ವಿಡಿಯೋವನ್ನು ಹಿಂದಕ್ಕೆಳೆದು ಇನ್ನೊಮ್ಮೆ ನೋಡಿದಳು. ಮಗಳ ತುಟಿಗಳು ಆ ನಾಲ್ಕು ಪದಗಳಿಗೆ ಸರಿಯಾಗಿ ಅಲುಗಿದವು.