ಒಪ್ಪಿಸಬೇಕಾದ ಬಲೆ

ಚನ್ನಗಿರಿ ಬಸ್ ನಿಲ್ದಾಣದಲ್ಲಿ ನನ್ನ ಹಿಂದಿನ ಬೆಂಚಿನಲ್ಲಿ ಕೂದಲೆಣ್ಣೆ ಮಾರುವ ಹಕ್ಕಿಪಿಕ್ಕಿ ಹೆಂಗಸು ಮತ್ತು ಅವಳ ಮುದಿ ಮಾವ ಕೂತಿದ್ದರು.

“ನಮ್ಮ ಮಾತು ಬ್ಯಾಡ, ಕನ್ನಡದಾಗೇ ಮಾತಾಡ್ರಿ ಮಾವ. ನಿನ್ನೆ ಟೀವಿ ನೋಡಿದೋರು ಗುರುತು ಹಿಡೀತಾರೆ.”

ಮುದುಕ ಬಲೆ ಹಾಕುವುದನ್ನು ಟೀವಿಯಲ್ಲಿ ನಾನೂ ನೋಡಿದ್ದೆ. ತಿರುಗಲಿಲ್ಲ.

“ಬಲೆ ಟೀವಿಯೋರೇ ತಂದಿದ್ರು. ಹಿಂದೆಲ್ಲಾ ಹಕ್ಕಿಗೆ ಹೆಂಗೆ ಹಾಕ್ತಿದ್ರಿ ಅಂದ್ರು, ತೋರಿಸಿದೆ.”

“ಬೇಟೆ ಬಿಟ್ಟು ನಲವತ್ತು ವರ್ಷ ಆತು ಅನ್ನಬೇಕಿತ್ತು.”

“ಅಂದೆ. ಅದನ್ನ ಟೀವಿಯಾಗೆ ಹಾಕಲಿಲ್ಲ.”

“ಈಗ ಫಾರೆಸ್ಟಿನೋರು ಸೋಮವಾರ ಬಲೆ ತಂದು ಒಪ್ಪಿಸ್ರಿ ಅಂದಾರೆ.”

“ಟೀವಿಯೋರು ವಾಪಸ್ ಒಯ್ದ್ರಲ್ಲ.”

“ಹೇಳಿದೆ, ನಂಬಲಿಲ್ಲ. ಬರಿಗೈಲಿ ಹೋದ್ರೆ ಕೇಸ್ ಹಾಕ್ತಾರಂತೆ.”

ಅವರ ಬಸ್ ಬಂತು. ಮುದುಕ ಎದ್ದು ಪೇಟೆ ಕಡೆ ತಿರುಗಿದ.

“ಬಸ್ ಹೋಗ್ಲಿ ಬಿಡು. ದಾರ ತಗಳಾಣ ನಡಿ. ಒಪ್ಪಿಸಾಕೆ ಒಂದು ಬಲೆ ಹೆಣೀತೀನಿ.”