ಕೈಗೆ ಗೊತ್ತಾದ ರಸ್ತೆ

ರಾತ್ರಿ ಮನೆಗೆ ಹೊರಟರೆ ಓವೈಸ್ ಹಳೇ ಮದ್ರಾಸ್ ರಸ್ತೆಯ ಆ ಆಲದ ಮರಕ್ಕೆ ಒಂದು ಸ್ಟಾಪ್ ಮುಂಚೆಯೇ ಬಸ್ಸಿನಿಂದ ಇಳಿದುಬಿಡುತ್ತಾನೆ. ಮರ ದಾಟುವವರೆಗೂ ನಡಿಗೆ. ಆಮೇಲೆ ಇನ್ನೊಂದು ಬಸ್ಸು. ಹುಚ್ಚು ಅನ್ನಿ, ಏನಾದರೂ ಅನ್ನಿ… ಅವನಿಗಾದದ್ದು ನಿಮಗಾಗಿದ್ದರೆ ನೀವು ಆ ರಸ್ತೆಯನ್ನೇ ಬಿಟ್ಟಿರುತ್ತಿದ್ದಿರಿ.

ಓವೈಸ್ ಶಿವಾಜಿನಗರದ ಗುಜರಿ ಗಲ್ಲಿಯಲ್ಲಿ ಸ್ಟೇರಿಂಗ್ ಮೆಕ್ಯಾನಿಕ್. ಮನೆ ಟಿನ್ ಫ್ಯಾಕ್ಟರಿ ಹತ್ತಿರದ ಒಂದು ವಠಾರದಲ್ಲಿ. ಪಕ್ಕದ ಕೋಣೆಯಲ್ಲಿ ಕಲಬುರಗಿ ಕಡೆಯ ಸಾಯಬಣ್ಣ, ಚಿಕ್ಕದೊಂದು ಕಾರು ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಹೆಂಡತಿ ಜಟ್ಟೆಮ್ಮನಿಗೆ ದಿನ ತುಂಬಿತ್ತು. ಅಂಥ ಹೊತ್ತಲ್ಲೇ ಕಾರಿನ ಕರೆಂಟ್ ಪವರ್ ಸ್ಟೇರಿಂಗ್ ಕೈಕೊಟ್ಟಿತು. ತಿರುಗಿಸಹೋದರೆ ಬೀಸುಕಲ್ಲಿನಷ್ಟು ಭಾರ.

"ಇವತ್ತೇ ಬೇಕ್ರಿ ಉಸ್ತಾದ್. ರಾತ್ರಿ ಆಕಿಗಿ ಬ್ಯಾನಿ ಸುರು ಆದ್ರ ನಾ ಏನ್ ಮಾಡ್ಲಿ?"

ಓವೈಸ್ ಎದುರಿನ ಅಬ್ದುಲ್ ಅಂಗಡಿಗೆ ಓಡಿದ. ಅಪಘಾತದ ಗಾಡಿಯಿಂದ ಬಿಚ್ಚಿದ ಸ್ಟೇರಿಂಗ್ ಒಂದನ್ನು ರಾಡು, ಮೋಟಾರ್ ಸಮೇತ ತಂದ. ಗುಜರಿಯಲ್ಲಿ ಒಂದು ಕಟ್ಟಳೆ ಇದೆ. ಬಾಗಿಲು, ಸೀಟು, ಎಂಜಿನ್ ಏನು ಬೇಕಾದರೂ ತನ್ನಿ. ಸ್ಟೇರಿಂಗ್ ತರುವಾಗ ಮಾತ್ರ ಕೇಳಲೇಬೇಕು: "ರಕ್ತ ಬಿದ್ದಿದೆಯಾ?" ಬಿದ್ದಿದ್ದರೆ ಅದು ತೂಕಕ್ಕೆ ಹೋಗಬೇಕು, ಇನ್ನೊಂದು ಗಾಡಿಗಲ್ಲ. ಅವಸರ ನೋಡಿ… ಓವೈಸ್ ಕೇಳಲಿಲ್ಲ. ಅಬ್ದುಲ್ ಹೇಳಲಿಲ್ಲ.

ಕೂಡಿಸಿ ಮುಗಿಸುವಷ್ಟರಲ್ಲಿ ಗಲ್ಲಿಯ ಷಟರ್‌ಗಳೆಲ್ಲ ಇಳಿದಿದ್ದವು. ಹೇಗೂ ಒಂದೇ ದಾರಿ ಅಂತ ಓವೈಸ್ ಪಕ್ಕದಲ್ಲಿ ಕೂತ. ಹಲಸೂರು ದಾಟುವಾಗ ಸಾಯಬಣ್ಣನ ಮುಖ ಅರಳಿತ್ತು.

"ಏನ್ ಚಲೋ ಕೂಡಿಸೀರಿ! ಮೊದಲ ಇದು ಸತ್ತಂಗಿತ್ತು. ತಗ್ಗಿಗಿ ಬಿದ್ರೂ ಕೈಗಿ ತಿಳೀತಿರ್ಲಿಲ್ಲ. ಈಗ ಒಂದೊಂದು ಹಳ್ಳೂ ತಿಳೀತೈತ್ರಿ."

ಓವೈಸ್ ತಟ್ಟನೆ ಸ್ಟೇರಿಂಗ್ ಕಡೆ ತಿರುಗಿದ. ಕರೆಂಟ್ ಸ್ಟೇರಿಂಗು ಕೈಗೆ ಹಗುರ, ಅಷ್ಟೇ. ಕೆಳಗೆ ಕಲ್ಲಿದೆಯೋ ಮಣ್ಣಿದೆಯೋ ಅದು ಹೇಳುವುದಿಲ್ಲ, ಅದರಲ್ಲೂ ಇಂಥ ಚಿಕ್ಕ ಕಾರುಗಳಲ್ಲಿ. ಅವನು ಎರಡು ಬೆರಳು ಇಟ್ಟು ನೋಡಿದ. ಚರಚರ… ಜಲ್ಲಿ. ಟಕ್… ಚರಂಡಿಯ ಮುಚ್ಚಳ. ಎಲ್ಲ ಗೊತ್ತಾಗುತ್ತಿತ್ತು.

ಆಲದ ಮರ ಕಂಡಿತು.

ಗುಂಯ್… ಮೋಟಾರಿನ ಸದ್ದು ಏರಿತು. ಆಮೇಲೆ ಥಪ್. ಮೆತ್ತಗೆ. ಅದರ ಬೆನ್ನಿಗೇ ಲಟಲಟ… ಕಬ್ಬು ಮುರಿದ ಹಾಗೆ.

"ಉಸ್ತಾದ್…" ಸಾಯಬಣ್ಣ ಪಿಸುಗುಟ್ಟಿದ. "ಯಾರ ಮ್ಯಾಲರ ಹೋತೇನ್ರಿ ಗಾಡಿ?"

"ರೋಡ್ ಖಾಲಿ ಇದೆ. ನಿಲ್ಲಿಸ್ಬೇಡ… ಹೊಡಿ."

"ಕೈ… ಕೈ ಬಿಡವಲ್ದ್ರಿ ಇದು…"

ಸ್ಟೇರಿಂಗ್ ಗರಕ್ಕನೆ ತಿರುಗಿತು. ಸಾಯಬಣ್ಣನ ಎಡಗೈ ಅದರ ಕಡ್ಡಿಗಳ ನಡುವೆ ಸಿಕ್ಕಿತು. ಲಟಕ್. ಅವನು ಕೂಗುವ ಮೊದಲೇ ಈ ಕಡೆಗೆ ತಿರುಗಿತು. ಬಲಗೈ. ಲಟಕ್. ಮೂಳೆ ಚರ್ಮ ಹರಿದು ಈಚೆ ಬಂತು. ಓವೈಸ್ ಅಮುಕಿ ಹಿಡಿದರೆ ಅವನ ಹೆಬ್ಬೆರಳಿನ ಉಗುರು ಕಿತ್ತು ಹೋಯಿತು. ಕೈ ಹಾಕಿ ಫ್ಯೂಸ್ ಕಿತ್ತ. ಮೋಟಾರ್ ಸುಮ್ಮನಾಯಿತು… ಸ್ಟೇರಿಂಗ್ ಸುಮ್ಮನಾಗಲಿಲ್ಲ. ಕಾರು ಫುಟ್‌ಪಾತ್ ಹತ್ತಿ ಮರಕ್ಕೆ ಬಡಿಯಿತು. ಗಾಜು ಪುಡಿಪುಡಿಯಾಗಿ ಇಬ್ಬರ ಮೇಲೂ ಸುರಿಯಿತು.

ಸಾಯಬಣ್ಣನ ಬಾಯಿಂದ ರಕ್ತ, ರಕ್ತದ ಜೊತೆ ಹಲ್ಲು. ಆದರೂ ಬಡಬಡಿಸುತ್ತಿದ್ದ. ದನಿ ಅವನದಲ್ಲ. ಮಾತೂ ಅವನೂರಿನದಲ್ಲ.

"ಕೈಗೆ ಗೊತ್ತೇ ಆಗ್ಲಿಲ್ಲ ಅಣ್ಣ… ಹೊಡೀಬೇಡಿ… ಕೈಗೆ ಗೊತ್ತೇ ಆಗ್ಲಿಲ್ಲ…"

ಮಾರನೇ ದಿನ ಅಬ್ದುಲ್ ಆಸ್ಪತ್ರೆಗೆ ಬಂದು ಬಾಯಿಬಿಟ್ಟ. "ಅದ್ರ ಮೇಲೆ ರಕ್ತ ಬಿದ್ದಿತ್ತು ಮಗಾ. ಅದಿದ್ದ ಗಾಡಿ ಡ್ರೈವರು ಅದೇ ಮರದ ಹತ್ರ ಮಲ್ಗಿದ್ದೋನ ಮೇಲೆ ಹತ್ತಿಸ್ಬಿಟ್ಟು, ಗೊತ್ತೇ ಆಗ್ದೆ ಮುಂದೆ ಹೋಗ್ತಿದ್ನಂತೆ. ಜನ ಅಡ್ಡ ಹಾಕಿದ್ರು. ಸ್ಟೇರಿಂಗ್ ಬಿಡ್ಲಿಲ್ಲ ಅಂತ ಎರಡೂ ಕೈ ಮುರಿದು, ಸೀಟಲ್ಲೇ ಹೊಡ್ದು ಸಾಯಿಸಿದ್ರು."

ಓವೈಸ್ ಅವನ ಕಪಾಳಕ್ಕೆ ಬಾರಿಸಿದ. ಆಸ್ಪತ್ರೆ ಅಂತಲೂ ನೋಡಲಿಲ್ಲ. ಯಾರಾಗಿದ್ದರೂ ಬಾರಿಸುತ್ತಿದ್ದರು.

ಕಾರು ಮರಕ್ಕೆ ಬಡಿದ ರಾತ್ರಿಯೇ ಜಟ್ಟೆಮ್ಮನಿಗೆ ನೋವು ಬಂದು, ವಠಾರದವರು ಆಟೋದಲ್ಲಿ ಕರೆದೊಯ್ದಿದ್ದರು. ಹೆಣ್ಣು ಮಗು. ತಂದು ತೋರಿಸಿದರೆ ಸಾಯಬಣ್ಣ ಎತ್ತಿಕೊಳ್ಳಲಾಗದೆ ಅತ್ತ. ಎರಡೂ ಕೈಗೆ ಮೊಣಕೈವರೆಗೆ ಪಟ್ಟಿ. ಆ ಕೈಗಳು ಇನ್ನು ಗಾಡಿ ಹಿಡಿಯಲಾರವು ಅಂದರು ಡಾಕ್ಟರು.

ಕಾರನ್ನು ಗಲ್ಲಿಗೆ ಎಳೆಸಿ ತಂದ ಮೇಲೆ ಓವೈಸ್ ಆ ದರಿದ್ರವನ್ನು ಬಿಚ್ಚಿ ಬಿಸಾಡಲು ಕೆಳಗೆ ತಲೆ ತೂರಿಸಿದ. ಸ್ಟೇರಿಂಗಿನ ರಾಡು ಕೆಳಗಿನ ಜಾಯಿಂಟ್‌ನೊಳಗೆ ಕೂರಬೇಕು. ಅಲ್ಲಿಂದಲೇ ಚಕ್ರಗಳು ತಿರುಗುವುದು, ಅಲ್ಲಿಂದಲೇ ರಸ್ತೆ ಕೈಗೆ ಗೊತ್ತಾಗುವುದು. ಅವನು ಅದನ್ನು ಕೂರಿಸಿಯೇ ಇರಲಿಲ್ಲ. ಗಡಿಬಿಡಿಯಲ್ಲಿ ಮರೆತಿದ್ದ. ಹಾಗಾದರೆ ಶಿವಾಜಿನಗರದಿಂದ ಅಷ್ಟು ತಿರುವುಗಳನ್ನು ತಿರುಗಿಸಿದ್ದು ಯಾರು?

ಬಡಿದ ಏಟಿಗೆ ಕಳಚಿರಬೇಕು ಅಂತೀರಿ. ಎಲ್ಲರೂ ಅದನ್ನೇ ಅಂದರು. ಇದು ನಡೆದದ್ದು ಸ್ವಾಮಿ, ಕಟ್ಟಿದ್ದಲ್ಲ. ಅಬ್ದುಲ್ ಟಾರ್ಚ್ ಬಿಟ್ಟು ಕಣ್ಣಾರೆ ನೋಡಿದ್ದಾನೆ, ಹೋಗಿ ಕೇಳಿ. ರಾಡು ಒಮ್ಮೆ ಜಾಯಿಂಟ್‌ನೊಳಗೆ ಕೂತಿದ್ದರೂ ಅದರ ತುದಿಗೆ ಓವೈಸ್ ಹಚ್ಚಿದ್ದ ಗ್ರೀಸ್ ಅಳಿಸಿರುತ್ತಿತ್ತು; ಅದು ಒಂದಿಷ್ಟೂ ಉಜ್ಜಿರಲಿಲ್ಲ. ಅವನ ಬೆರಳಿನ ಗೆರೆ ಹಾಗೇ ಇತ್ತು.