ಸೈಡ್‌ಬಾರಿನ ಎರಡು ಸಾಲು

ಲೈಟು ಇರಲಿ ಬಿಡಿ, ಆರಿಸಬೇಡಿ. ಇದನ್ನ ಕತ್ತಲಲ್ಲಿ ಕೂತು ಹೇಳೋ ಗುಂಡಿಗೆ ನನಗಿಲ್ಲ.

ಹೆಬ್ಬೂರಲ್ಲಿ ನಮ್ಮ ಎದುರು ಮನೆ ಇಸಾಕ್ ಸಾಬ್ರು ಗೊತ್ತಲ್ಲ, ಅವರ ಮಗ ಜಾವೇದ್‌ಗೆ ಆಗಿದ್ದು ಇದು. ಎರಡು ಸಾವಿರದ ಒಂಬತ್ತನೇ ಇಸವಿ. ಆಗ ಅವನು ತುಮಕೂರಲ್ಲಿ ಬಾಡಿಗೆ ಮನೆ ಮಾಡ್ಕೊಂಡು ಬ್ರೌಸಿಂಗ್ ಸೆಂಟರ್ ನಡೆಸ್ತಿದ್ದ. ಆರು ಕಂಪ್ಯೂಟರು, ಒಂದು ಪ್ರಿಂಟರು, ಅಷ್ಟೇ.

ಅವತ್ತು ಮಂಗಳವಾರ. ರಾತ್ರಿ ಹತ್ತೂಮುಕ್ಕಾಲು. ಶಟರ್ ಎಳೆದು, ಎರಡೂ ಕಡೆ ಬೀಗ ಹಾಕಿ, ನಡ್ಕೊಂಡು ಮನೆ ಕಡೆ ಹೊರಟ. ಅವಸರ ಏನೂ ಇರಲಿಲ್ಲ. ಹೆಂಡತಿ ರಝಿಯಾ ಚೊಚ್ಚಲ ಹೆರಿಗೆಗೆ ಅಂತ ಗುಬ್ಬಿಗೆ, ತವರಿಗೆ ಹೋಗಿ ತಿಂಗಳಾಗಿತ್ತು. ಮನೇಲಿ ಬೆಳಿಗ್ಗೆ ಎಲ್ಲಿಟ್ಟಿದ್ನೋ ಆ ಲೋಟ ಅಲ್ಲೇ ಇರೋದು.

ದಾರೀಲಿ ಒಂದು ಹಳೇ ಬಾವಿ. ಸುತ್ತ ಜಮೀನೆಲ್ಲ ಸೈಟಾಗಿ ಮಾರಾಟ ಆಗಿತ್ತು, ಬಾವಿ ಮಾತ್ರ ಹಂಗೇ ಉಳ್ಕೊಂಡಿತ್ತು. ಮೇಲೆ ಕಬ್ಬಿಣದ ಜಾಲರಿ ಹಾಕಿದ್ರು. ನೀರು ಸೇದೋರು ಯಾರೂ ಇಲ್ಲ. ಜಾವೇದ್ ಅದರ ಪಕ್ಕ ಬಂದ...

ಟಕಟಕಟಕ... ಗಡಕ್.

ನಿಂತ. ಜಾಲರಿ ಸದ್ದಲ್ಲ. ರಾಟೆಯಂತೂ ಅಲ್ಲವೇ ಅಲ್ಲ, ಅದನ್ನ ಯಾರೋ ಎಂದೋ ಕದ್ದಿದ್ರು.

ಟಕಟಕ... ಗಡಕ್.

ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ಅವನ ಸೆಂಟರಿನ ನಾಲ್ಕನೇ ನಂಬರ್ ಕಂಪ್ಯೂಟರಿನ ಕೀಬೋರ್ಡು ಅದು. ಸ್ಪೇಸ್‌ಬಾರ್ ಒಂದು ಕಡೆ ಕಚ್ಕೊಂಡು, ಒತ್ತಿದಾಗೆಲ್ಲ ಗಡಕ್ ಅನ್ನೋದು. ಆ ಕೀಬೋರ್ಡ್ ಇದ್ದದ್ದು ಅರ್ಧ ಮೈಲಿ ಹಿಂದೆ, ಬೀಗ ಹಾಕಿದ ಶಟರ್ ಒಳಗೆ. ಜಾವೇದ್ ಹಿಂದೆ ತಿರುಗಿ ನೋಡಲಿಲ್ಲ. ಮನೆ ತಲುಪೋವರೆಗೂ ಓಡಿದ.

ಅವನಿಗೆ ಯಾಕೆ ಅಷ್ಟು ಭಯ ಆಯ್ತು ಅಂದ್ರೆ, ಅವನೊಂದು ತಪ್ಪು ಮಾಡಿದ್ದ. ಅದನ್ನ ಮೊದಲು ಹೇಳ್ಬೇಕು.

ಕೃತಿಕಾ ಅಂತ ಒಬ್ಬ ಹುಡುಗಿ. ಹುಲಿಯೂರುದುರ್ಗದೋಳು. ತುಮಕೂರಿನ ಒಂದು ಲ್ಯಾಬಲ್ಲಿ ರಕ್ತ ಪರೀಕ್ಷೆ ಮಾಡೋ ಕೆಲಸ, ಒಂಟಿ ರೂಮು. ದಿನಾ ಸಾಯಂಕಾಲ ಜಾವೇದನ ಸೆಂಟರಿಗೆ ಬಂದು, ಮೂಲೆಯ ನಾಲ್ಕನೇ ನಂಬರೇ ಬೇಕು ಅಂತ ಕೂತು ಬ್ಲಾಗ್ ಬರೀತಿದ್ಲು. ಮಾತು ಕಮ್ಮಿ. ಅವಳು ಬಂದಿದಾಳೆ ಅಂತ ಗೊತ್ತಾಗ್ತಿದ್ದದ್ದೇ ಆ ಗಡಕ್‌ನಿಂದ. ಉಬ್ಬಸ ಇತ್ತು ಅವಳಿಗೆ. ಚಳಿಗಾಲದಲ್ಲಿ ಒಂದು ರಾತ್ರಿ ರೂಮಲ್ಲಿ ಒಬ್ಬಳೇ ಇದ್ದಾಗ ಉಬ್ಬಸ ಜಾಸ್ತಿಯಾಗಿ ಹೋಗಿಬಿಟ್ಲು.

ಅವಳ ಅಣ್ಣ ಲಕ್ಷ್ಮೀಕಾಂತ್, ಊರಲ್ಲಿ ಪಂಚಾಯ್ತಿ ಗುಮಾಸ್ತ. ತಂಗಿ ಹೋದ ಮೇಲೆ ಪ್ರತಿ ಶನಿವಾರ ಕುಣಿಗಲ್‌ಗೆ ಒಂದು ಬಸ್ಸು, ಅಲ್ಲಿಂದ ತುಮಕೂರಿಗೆ ಇನ್ನೊಂದು ಬಸ್ಸು ಹತ್ತಿ ಬರ್ತಿದ್ದ. ನಾಲ್ಕನೇ ನಂಬರಲ್ಲಿ ಕೂತು ಅವಳ ಬ್ಲಾಗ್ ತೆಗೆದು ನೋಡ್ತಿದ್ದ. ಹತ್ತು ನಿಮಿಷ. ಎದ್ದು ಹೋಗ್ತಿದ್ದ.

ಅವನು ನೋಡ್ತಿದ್ದದ್ದು ಬ್ಲಾಗಿನ ಬಲಗಡೆ ಮೇಲಿದ್ದ ಒಂದು ಸಣ್ಣ ಚೌಕ. ಅದರ ತಲೆ ಮೇಲೆ ‘ಇವತ್ತು’ ಅಂತಿತ್ತು. ಕೃತಿಕಾ ದಿನಾ ಅದರಲ್ಲಿ ಒಂದೆರಡು ಸಾಲು ಬರೆಯೋದು, ಮಾರನೇ ದಿನ ಅಳಿಸಿ ಹೊಸದು ಬರೆಯೋದು. ಸತ್ತ ದಿನ ಬರೆದದ್ದು ಹಂಗೇ ಉಳ್ಕೊಂಡಿತ್ತು. ಅಣ್ಣನ ಪಾಲಿಗೆ ಅವಳ ಕೊನೇ ಮಾತು ಅದೇ.

ಒಂದು ಶನಿವಾರ ಲಕ್ಷ್ಮೀಕಾಂತ್ ಸಪ್ಪೆ ಮುಖ ಹಾಕ್ಕೊಂಡು ಎದ್ದು ಬಂದ.

“ಜಾವೇದ್, ಅವಳ ಚೌಕ ಎಲ್ಲೋ ತಳಕ್ಕೆ ಹೋಗ್ಬುಟ್ಟೈತೆ ನೋಡ್ರಿ.”

ಆಗಿದ್ದಿಷ್ಟೇ. ಕುಣಿಗಲ್‌ನಲ್ಲಿ ಯಾವುದೋ ಅಂಗಡೀಲಿ ಕೂತು, ತಂಗಿಯ ಹಾರ ಹಾಕಿದ ಫೋಟೊನ ಅವನೇ ಬ್ಲಾಗಿಗೆ ಏರಿಸಿದ್ದ. ಸ್ಟುಡಿಯೋ ಸಿಡಿಯಿಂದ ತೆಗೆದ ಭಾರಿ ಫೋಟೊ. ಅದರ ಅಗಲಕ್ಕೆ ಬಲಗಡೆ ಪಟ್ಟಿಗೆ, ಅದೇ ಸೈಡ್‌ಬಾರ್‌ಗೆ, ಜಾಗ ಸಾಲದೆ ಪೂರ್ತಿ ಪುಟದ ಕೆಳಗೆ ಜಾರಿತ್ತು. ಫೋಟೊ ಚಿಕ್ಕದು ಮಾಡಿದ್ರೆ ಎರಡು ನಿಮಿಷದ ಕೆಲಸ.

“ಅದರ ಜಾಗಕ್ಕೆ ಅದನ್ನ ಕೂರಿಸ್ಕೊಡ್ರಿ ಸಾಕು,” ಅಂತ ಪಾಸ್‌ವರ್ಡ್ ಚೀಟಿ ಕೊಟ್ಟ. ತಂಗಿಯ ಡೈರಿಯ ಕೊನೇ ಹಾಳೆಯಿಂದ ಬರ್ಕೊಂಡಿದ್ದ.

ನಮ್ಮ ಜಾವೇದ್‌ಗೆ ಅಷ್ಟಕ್ಕೇ ಕೈ ನಿಲ್ಲುತ್ತಾ? ಭಾನುವಾರ ಖಾಲಿ ಕೂತಿದ್ದ. ಪಾಪ, ಹುಡುಗಿ ಬ್ಲಾಗು ಚೆಂದ ಮಾಡ್ಕೊಡೋಣ ಅಂತ ಒಂದು ಹೊಸ ಥೀಮ್ ಇಳಿಸಿ ಹಾಕಿದ. ಮೂರು ಕಾಲಮ್ಮು, ಮೇಲೆ ಹೂವಿನ ಬಳ್ಳಿ. ಹಳೇ ಥೀಮ್ ಉಳಿಸಿಟ್ಕೊಳ್ಳಲಿಲ್ಲ. ಪರದೆ ಮೇಲೆ ಒಂದು ಎಚ್ಚರಿಕೆ ಬಂತು, ಈ ಕೆಳಗಿನವು ಅಳಿಸಿ ಹೋಗುತ್ತವೆ, ಒಪ್ಪಿಗೆಯೇ ಅಂತ. ಒಂದು ಪಟ್ಟಿ. ಜಾವೇದ್ ಓದಲಿಲ್ಲ. ಓಕೆ ಒತ್ತಿದ.

ಪುಟ ತೆರೆಯಿತು. ಹೂಬಳ್ಳಿ ಇತ್ತು. ‘ಇವತ್ತು’ ಇರಲಿಲ್ಲ.

ಗೂಗಲ್ ಹತ್ರ ಹಳೇ ಕಾಪಿ ಇರುತ್ತೆ ಅಂತ ಹುಡುಕಿದ. ಯಾರೂ ನೋಡದ ಬ್ಲಾಗು, ಅಲ್ಲೂ ಇರಲಿಲ್ಲ. ಅವನು ಅದನ್ನ ಓದಿದ್ದದ್ದು ಒಂದೇ ಸಲ, ಸುಮ್ನೆ ಕಣ್ಣಾಡಿಸಿದಂಗೆ. ‘ಅಣ್ಣ ಬರ್ತೀನಿ ಅಂದವ್ನೆ’ ಅನ್ನೋ ಮೊದಲ ಸಾಲು ನೆನಪಿತ್ತು. ಎರಡನೇದು ಏನು ಮಾಡಿದ್ರೂ ಹೊಳೀಲಿಲ್ಲ. ಸೋಮವಾರ ಪೂರ್ತಿ ಒದ್ದಾಡಿದ. ಕೊನೆಗೆ ಹೊಸ ಚೌಕ ಮಾಡಿ, ‘ಇವತ್ತು’ ಅಂತ ಹೆಸರಿಟ್ಟು, ಮೊದಲ ಸಾಲು ಬರೆದು, ಅದರ ಕೆಳಗೆ ತಾನೇ ಸೇರಿಸಿದ: ‘ಕಾಯ್ತಾ ಇದೀನಿ.’

ಮಾರನೇ ರಾತ್ರಿಯೇ ಬಾವಿ ಹತ್ರ ಆ ಸದ್ದು ಕೇಳಿದ್ದು.

ಮನೆಗೆ ಬಂದೋನು ಬಾಗಿಲು ಹಾಕ್ಕೊಂಡು ರಝಿಯಾಗೆ ಫೋನ್ ಮಾಡಿದ. ಅವರು ಮಾತಾಡೋದು ಉರ್ದು, ನಾನು ಕನ್ನಡದಲ್ಲೇ ಹೇಳ್ತೀನಿ.

“ಯಾಕ್ರೀ, ಹಿಂಗೆ ಏದುಸಿರು ಬಿಡ್ತಿದೀರ?” ಅಂತ ಅವಳು ಪಿಸುಗುಟ್ಟಿದ್ಲು. ಪಕ್ಕದಲ್ಲಿ ಅವರಮ್ಮ ಮಲಗಿದ್ರು.

ಎಲ್ಲ ಹೇಳಿದ.

“ಸತ್ತೋಳ ಬಾಯಲ್ಲಿ ನಿಮ್ಮ ಮಾತು ಹಾಕಿದ್ರಾ?”

“ಆ ಮನುಷ್ಯ ಶನಿವಾರ ಬರ್ತಾನೆ ಕಣೇ. ಏನಂತ ಹೇಳ್ಲಿ?”

“ಇದ್ದದ್ದು ಇದ್ದಂಗೆ ಹೇಳ್ರಿ.”

ಹೇಳೋದು ಸುಲಭ. ಬುಧವಾರ ಬೆಳಿಗ್ಗೆ ಸೆಂಟರ್ ತೆಗೆದು ನೋಡ್ತಾನೆ... ‘ಕಾಯ್ತಾ ಇದೀನಿ’ ಇಲ್ಲ. ಮೊದಲ ಸಾಲು ಮಾತ್ರ ಇದೆ. ಸೇವ್ ಆಗಿರಲಿಲ್ಲವೇನೋ ಅಂದ್ಕೊಂಡು ಮತ್ತೆ ಬರೆದ. ಗುರುವಾರ ನೋಡಿದ್ರೆ ಮತ್ತೆ ಇಲ್ಲ. ಈ ಸಲ ಅವನು ಬರೆಯೋಕೆ ಹೋಗಲಿಲ್ಲ.

ಶುಕ್ರವಾರ ರಾತ್ರಿ ಹತ್ತಕ್ಕೆ ಕರೆಂಟ್ ಹೋಯ್ತು. ಸೆಂಟರಲ್ಲಿ ಅವನೊಬ್ಬನೇ. ಯುಪಿಎಸ್ ಕೀಂ... ಕೀಂ... ಅಂತ ಕೂಗಿ ಕೂಗಿ ಸುಮ್ಮನಾಯ್ತು. ಫ್ಯಾನು ಕಿರ್ ಅಂತ ನಿಧಾನವಾಗಿ ನಿಂತಿತು. ಹೊರಗೆ ಕೋರ ಊರಿನ ಕಡೆ ಹೋಗೋ ಲಾರಿಯೊಂದು ದೂರ ಆಯ್ತು. ಆಮೇಲೆ ನಿಶ್ಶಬ್ದ.

ಗಡಕ್.

ಮೂಲೆಯಿಂದ. ಐದಾರು ಹೆಜ್ಜೆ ಅಷ್ಟೇ. ಆಮೇಲೆ ಇನ್ನೊಂದು ಸದ್ದು... ಸುಂಯ್ ಅಂತ ಒಳಕ್ಕೆ. ಸುಂಯ್ ಅಂತ ಹೊರಕ್ಕೆ. ಉಬ್ಬಸದೋರು ಉಸಿರಾಡಿದಂಗೆ.

ಓಡಬೇಕು ಅಂತ ಎದ್ದ. ಆದ್ರೆ ಅವನೇ ನನಗೆ ಹೇಳಿದ್ದು, ಭಯಕ್ಕಿಂತ ಆ ಗಳಿಗೇಲಿ ಸಂಕಟ ಆಯ್ತಂತೆ. ವರ್ಷಗಟ್ಟಲೆ ಅವಳು ಅಲ್ಲಿ ಒಬ್ಬಳೇ ಕೂತು ಬರೆದಿದ್ಲು. ಒಂದು ದಿನಾನೂ ಅವನು ‘ಏನಮ್ಮಾ, ಹೆಂಗಿದೀಯ’ ಅಂತ ಕೇಳಿರಲಿಲ್ಲ.

“ತಂಗೀ...” ಅಂದ. “ನಂದು ತಪ್ಪಾಯ್ತು. ನೀನು ಬರೆದಿದ್ದು ನಂಗೆ ನೆನಪಿಲ್ಲ ಕಣಮ್ಮ. ನೀನೇ ಬರೀ.”

ಉಸಿರಿನ ಸದ್ದು ನಿಂತಿತು. ಟಕಟಕಟಕ... ಗಡಕ್. ಟಕಟಕಟಕ... ಗಡಕ್. ಟಕಟಕಟಕ.

ಕರೆಂಟ್ ಬಂತು. ನಾಲ್ಕನೇ ನಂಬರಿನ ಕುರ್ಚಿ ಖಾಲಿ. ಜಾವೇದ್ ಕೌಂಟರ್ ಕಂಪ್ಯೂಟರಲ್ಲೇ ಬ್ಲಾಗ್ ತೆರೆದ.

‘ಅಣ್ಣ ಬರ್ತೀನಿ ಅಂದವ್ನೆ. ರಾತ್ರಿ ಚಿಲಕ ಹಾಕಲ್ಲ.’

ನೋಡಿದ ತಕ್ಷಣ ನೆನಪಾಯ್ತು ಅವನಿಗೆ. ಹೌದು, ಅದೇ.

ಶನಿವಾರ ಲಕ್ಷ್ಮೀಕಾಂತ್ ಬಂದ. ಜಾವೇದ್ ಅವನನ್ನ ಸ್ಟೂಲ್ ಮೇಲೆ ಕೂರಿಸಿ, ಒಂದಕ್ಷರ ಬಿಡದೆ ಹೇಳಿದ. ಅಳಿಸಿದ್ದು, ಸುಳ್ಳು ಬರೆದಿದ್ದು, ಎಲ್ಲ. ಹೊಡೆದ್ರೆ ಹೊಡೀಲಿ ಅಂತ ಕಾದ. ಲಕ್ಷ್ಮೀಕಾಂತ್ ಬೈಯಲಿಲ್ಲ. ಬ್ಯಾಗನ್ನ ತೊಡೆ ಮೇಲಿಟ್ಕೊಂಡು ಗೋಡೆ ನೋಡ್ತಾ ಕೂತ.

“ಅವತ್ತು ಉಬ್ಬಸ ಜಾಸ್ತಿ ಐತೆ, ಬಾರಣ್ಣ ಅಂತ ಫೋನ್ ಮಾಡಿದ್ಲು,” ಅಂದ. “ಸಾಯಂಕಾಲದ ಬಸ್ಸಿಗೆ ಬರ್ತೀನಿ ಅಂದಿದ್ದೆ. ಸ್ನೇಹಿತನ ಮನೆ ಗೃಹಪ್ರವೇಶ... ನಾಳೆ ಹೋದ್ರಾಯ್ತು ಅಂತ ಉಳ್ಕೊಂಡ್ಬುಟ್ಟೆ. ಬೆಳಿಗ್ಗೆ ಬಂದು ಬಾಗ್ಲು ತಟ್ಟಕ್ಕೆ ಅಂತ ಕೈ ಇಟ್ಟೆ. ತಟ್ಟೋದೇ ಬೇಕಾಗ್ನಿಲ್ಲ, ಹಂಗೇ ತೆರ್ಕೊಂತು.”

ಲಕ್ಷ್ಮೀಕಾಂತ್ ಎದ್ದು ಹೋಗಿ ನಾಲ್ಕನೇ ನಂಬರಲ್ಲಿ ಕೂತ. ಬ್ಲಾಗ್ ತೆರೆದ. ತುಂಬಾ ಹೊತ್ತು ನೋಡಿದ. ಆಮೇಲೆ ಪರದೆ ಹತ್ರ ಬಗ್ಗಿ, ಪಕ್ಕದೋರಿಗೂ ಕೇಳದಂಗೆ ಅಂದ:

“ಕೃತೀ... ಬಂದೆ ಕಣೇ. ತಡ ಆಗೋಯ್ತು.”

ಗಡಕ್.

ಜಾವೇದ್ ನೋಡ್ತಾನೇ ಇದ್ದ. ಲಕ್ಷ್ಮೀಕಾಂತನ ಎರಡೂ ಕೈ ಬ್ಯಾಗಿನ ಮೇಲಿದ್ದವು. ಮಧ್ಯಾಹ್ನ ಮೂರು ಗಂಟೆ, ಅಂಗಡೀಲಿ ಇನ್ನೂ ಮೂರು ಜನ ಇದ್ರು. ಅವರಲ್ಲೊಬ್ಬ ಕತ್ತೆತ್ತಿ ಮೂಲೆ ಕಡೆ ನೋಡಿದ.

“ರಿಫ್ರೆಶ್ ಮಾಡಿ ಸಾರ್,” ಅಂದ ಜಾವೇದ್. ಲಕ್ಷ್ಮೀಕಾಂತನ ಬೆರಳು ಏಳಲಿಲ್ಲ. ಜಾವೇದೇ ಹೋಗಿ ಒತ್ತಿದ.

‘ಇವತ್ತು. ಅಣ್ಣ ಬಂದ. ಚಿಲಕ ಹಾಕ್ಕೊಂಡೆ.’

ಆ ದೊಡ್ಡ ಗಂಡಸು ಕೀಬೋರ್ಡ್ ಮೇಲೆ ತಲೆ ಇಟ್ಟು ಅತ್ತುಬಿಟ್ಟ. ಬೇರೆ ಗಿರಾಕಿಗಳು ಮೆಲ್ಲಗೆ ಎದ್ದು ಹೋದ್ರು. ಜಾವೇದ್ ಒಂದು ಲೋಟ ನೀರು ತಂದಿಟ್ಟು ಪಕ್ಕದಲ್ಲೇ ನಿಂತಿದ್ದ.

ಸ್ವಲ್ಪ ಹೊತ್ತಾದ ಮೇಲೆ ಜಾವೇದ್‌ಗೆ ಅನ್ನಿಸ್ತು, ಇನ್ಮೇಲೆ ಇದು ಯಾರ ಕೈಯಲ್ಲೂ ಅಳಿಸಿ ಹೋಗಬಾರದು, ಒಂದು ಕಾಪಿ ತೆಗೆದಿಟ್ಕೊಳ್ಳೋಣ. ಚೀಟಿ ನೋಡ್ಕೊಂಡು ಪಾಸ್‌ವರ್ಡ್ ಹಾಕಿದ. ತಪ್ಪು ಅಂತ ಬಂತು. ನಿಧಾನಕ್ಕೆ, ಒಂದೊಂದೇ ಅಕ್ಷರ ನೋಡಿ ಹಾಕಿದ. ತಪ್ಪು. ಲಕ್ಷ್ಮೀಕಾಂತ್ ಕಣ್ಣೊರೆಸ್ಕೊಂಡು ತಾನೇ ಹಾಕಿ ನೋಡಿದ. ತಪ್ಪು.

“ಬುಡಿ ಜಾವೇದ್,” ಅಂದ. “ಒಳಗಿಂದ ಹಾಕ್ಕೊಂಡವ್ಳೆ.”

ನಗಬೇಡಿ. ನಾನು ಕಟ್ಟಿ ಹೇಳ್ತಿರೋ ಕತೆ ಅಲ್ಲ ಇದು. ಜಾವೇದ್ ನನ್ನ ಮುಂದೆ ಕೂತು ಹೇಳಿದ್ದು, ಮಡಿಲಲ್ಲಿ ಮಗು ಇಟ್ಕೊಂಡು. ಆ ಬ್ಲಾಗು ಈಗಲೂ ಇದೆ, ನಾನೇ ನೋಡಿದೀನಿ. ಹೂಬಳ್ಳಿ, ಕೆಳಗೆ ಹಾರ ಹಾಕಿದ ಫೋಟೊ, ಬಲಗಡೆ ಮೇಲೆ ಆ ಚೌಕ, ಚೌಕದಲ್ಲಿ ಅದೇ ಮಾತು. ಪಾಸ್‌ವರ್ಡ್ ಬದಲಾಯಿಸಿದ್ದು ಜಾವೇದ್ ಅಲ್ಲ. ಲಕ್ಷ್ಮೀಕಾಂತ್ ಅಲ್ಲ. ಅದು ಗೊತ್ತಿದ್ದದ್ದು ಮೂರೇ ಜನಕ್ಕೆ.